ನೀರಿನ ಸಮಿತಿಗೆ ಮೊದಲು ಮೀಟರ್ ತೋರಿಸಿ

ನಗರದ ನೀರಿನ ವಿಚಾರಕ್ಕೆ ನಾಗರಿಕರದ್ದೇ ಒಂದು ಸಮಿತಿ ಇರಲಿ ಎಂಬ ಮಾತು ಆಡಳಿತದ ಸಭೆಗೆ ಬಂದ ಕೂಡಲೇ ಎರಡು ಪ್ರಶ್ನೆ ಏಳುತ್ತವೆ. ಸದಸ್ಯರು ಯಾರು? ಅಧ್ಯಕ್ಷರು ಯಾರು? ಚರ್ಚೆಯ ಮುಕ್ಕಾಲು ಪಾಲು ಅಲ್ಲೇ ಕಳೆದುಹೋಗುತ್ತದೆ. ಆ ಪ್ರಶ್ನೆಗಳನ್ನು ಈ ಉಪನ್ಯಾಸದಲ್ಲಿ ಕೊನೆಯ ಭಾಗಕ್ಕೆ ಇಟ್ಟುಕೊಂಡಿದ್ದೇವೆ. ಮೊದಲು ಕೇಳಬೇಕಾದದ್ದು ಇದು: ಪ್ರತಿ ತಿಂಗಳು ಈ ಸಮಿತಿಯ ಮೇಜಿನ ಮೇಲೆ ಯಾವ ಕಾಗದ ಬಂದು ಬೀಳುತ್ತದೆ? ನೀರೆತ್ತುವ ಜಾಗದ ಮೀಟರಿನ ಓದು, ಯಾವ ಟ್ಯಾಂಕಿನಿಂದ ಎಷ್ಟು ಹೋಯಿತು ಎಂಬ ಲೆಕ್ಕ, ನೀರಿನ ಪರೀಕ್ಷೆಯ ಮೂಲ ವರದಿ, ದುರಸ್ತಿಯ ದಾಖಲೆ ಪುಸ್ತಕ. ಇಷ್ಟು ಬರಲೇಬೇಕು ಎಂದು ಠರಾವಿನಲ್ಲೇ ಬರೆದಿದ್ದರೆ ಸಾಧಾರಣ ಸದಸ್ಯರಿದ್ದರೂ ಸಮಿತಿ ಕೆಲಸ ಮಾಡುತ್ತದೆ. ಬರೆಯದೆ ಬಿಟ್ಟರೆ ಎಂಥ ಘಟಾನುಘಟಿಗಳನ್ನು ಕೂರಿಸಿದರೂ ಅದು ಅಹವಾಲು ಹೇಳಿಕೊಳ್ಳುವ ಕಟ್ಟೆಯಾಗಿ ಉಳಿಯುತ್ತದೆ.

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ನಡೆದದ್ದನ್ನು ನೀರಿನ ಕೆಲಸದಲ್ಲಿರುವವರೆಲ್ಲ ಬಲ್ಲರು. ಡೆಟ್ರಾಯಿಟ್‌ನಿಂದ ಬರುತ್ತಿದ್ದ ನೀರನ್ನು ನಿಲ್ಲಿಸಿ, ಖರ್ಚು ಉಳಿಯುತ್ತದೆಂದು 2014ರ ಏಪ್ರಿಲ್‌ನಿಂದ ಫ್ಲಿಂಟ್ ನದಿಯ ನೀರು ಕೊಡಲು ಶುರುಮಾಡಿದರು. ಪೈಪಿನ ಒಳಮೈ ಸವೆಯದಂತೆ ನೀರಿಗೆ ಸೇರಿಸಬೇಕಾದ ಫಾಸ್ಫೇಟನ್ನು ಸೇರಿಸಲಿಲ್ಲ. ಹಳೆಯ ಸೀಸದ ಪೈಪುಗಳಿಂದ ಸೀಸ ಬಿಟ್ಟುಕೊಂಡು ಮನೆಮನೆಯ ನಲ್ಲಿಗೆ ಬಂತು. ಜನ ಬಣ್ಣಗೆಟ್ಟ ನೀರನ್ನು ಬಾಟಲಿಯಲ್ಲಿ ಹಿಡಿದು ಸಭೆಗಳಿಗೆ ತಂದರು. ನೀರು ಮಾನದಂಡದೊಳಗೇ ಇದೆ ಎಂಬ ಉತ್ತರ ಸಿಕ್ಕಿತು. 2015ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 300 ಮಾದರಿ ಕಿಟ್‌ಗಳನ್ನು ಕಳಿಸಿದರು, ನಿವಾಸಿಗಳು ಒಂದೇ ಕ್ರಮದಲ್ಲಿ ನೀರು ಹಿಡಿದು ಬಹುಪಾಲನ್ನು ಹಿಂದಿರುಗಿಸಿದರು. ಮಾದರಿಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚಿನವುಗಳಲ್ಲಿ ಸೀಸವು ಶತಕೋಟಿಗೆ 15 ಭಾಗವನ್ನು, ಅಂದರೆ ಮೀರಿದರೆ ಕ್ರಮ ಕೈಗೊಳ್ಳಬೇಕೆಂದು ಅಲ್ಲಿ ಆಗ ಗೊತ್ತುಮಾಡಿದ್ದ ಮಟ್ಟವನ್ನು, ದಾಟಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಗರ ಮತ್ತೆ ಡೆಟ್ರಾಯಿಟ್ ನೀರಿಗೆ ಮರಳಿತು. ವರ್ಷಕ್ಕೂ ಮೀರಿ ದೂರು ಮಾಡಲಾಗದ್ದನ್ನು ಕ್ರಮಬದ್ಧವಾಗಿ ಹಿಡಿದ ಕೆಲವು ನೂರು ಬಾಟಲಿ ನೀರು ಮಾಡಿತು. ಆ ಒಂದೂವರೆ ವರ್ಷದಲ್ಲಿ ಮಕ್ಕಳ ಮೈಸೇರಿದ ಸೀಸವನ್ನು ಯಾವ ಸಮಿತಿಯೂ ಈಗ ಹಿಂತೆಗೆಯಲಾರದು. ಅಳತೆಯ ಹಕ್ಕು ಮೊದಲ ದಿನದಿಂದಲೇ ಇರಬೇಕೆಂದು ನಾವು ಹಟ ಹಿಡಿಯುವುದು ಇದಕ್ಕೇ.

ಬೇರೆ ದಾರಿ ಹಿಡಿದ ನಗರಗಳೂ ಇವೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಿಂದ ನಗರದ ಆಯವ್ಯಯವನ್ನೇ ಬಡಾವಣೆಯ ಜನ ಕೂತು ಚರ್ಚಿಸಿದರು, ನೀರು ಮತ್ತು ಒಳಚರಂಡಿ ಅವರ ಮೊದಲ ಬೇಡಿಕೆಗಳ ಸಾಲಿನಲ್ಲಿದ್ದವು. ಪ್ಯಾರಿಸ್ 2006ರಲ್ಲಿ ನೀರಿನ ವೀಕ್ಷಣಾ ಮಂಡಳಿಯೊಂದನ್ನು ಮಾಡಿತು. 2010ರಲ್ಲಿ ಖಾಸಗಿ ಕಂಪನಿಗಳಿಂದ ನೀರಿನ ಕೆಲಸವನ್ನು ನಗರವೇ ವಾಪಸ್ ತೆಗೆದುಕೊಂಡ ಮೇಲೆ ಬಳಕೆದಾರರ ಸಂಘಟನೆಗಳಿಗೆ ಸಂಸ್ಥೆಯ ಆಡಳಿತ ಮಂಡಳಿಯಲ್ಲೂ ಜಾಗ ಸಿಕ್ಕಿತು. ಒಂದು ಕಡೆ ಹಣ ಎಲ್ಲಿಗೆ ಹೋಗಬೇಕೆಂಬ ಮಾತು ಜನರ ಕೈಗೆ ಬಂತು, ಇನ್ನೊಂದು ಕಡೆ ಸಂಸ್ಥೆಯ ಕಾಗದ ನೋಡುವ ಅವಕಾಶ ಬಂತು. ಇವೆರಡರಲ್ಲಿ ಯಾವುದನ್ನು ಕೊಡುತ್ತಿದ್ದೇವೆ ಎಂಬುದು ಠರಾವು ಬರೆಯುವವರಿಗೆ ಸ್ಪಷ್ಟವಿರಬೇಕು. ಎರಡನ್ನೂ ಮಸುಕುಮಸುಕಾಗಿ ಬರೆದರೆ ಎರಡೂ ಕೈಗೆ ಸಿಗುವುದಿಲ್ಲ.

ಎಷ್ಟು ನೀರು ಬಂತು, ಎಲ್ಲಿ ಹೋಯಿತು

ಸಮಿತಿ ಮೊದಲು ಕಲಿಯಬೇಕಾದ ಲೆಕ್ಕವನ್ನು ನೀರಿನ ತಾಳೆಪಟ್ಟಿ ಎನ್ನೋಣ. ಒಂದು ನಗರಕ್ಕೆ ದಿನಕ್ಕೆ 4 ಕೋಟಿ ಲೀಟರ್ ನೀರು ಬರುತ್ತದೆ ಎಂದಿಟ್ಟುಕೊಳ್ಳಿ. ಮೀಟರ್ ಓದಿ ಬಿಲ್ ಮಾಡಿದ್ದು 2 ಕೋಟಿ 40 ಲಕ್ಷ. ಅಗ್ನಿಶಾಮಕ, ಉದ್ಯಾನ, ಪೈಪ್ ತೊಳೆಯುವುದು, ಸಾರ್ವಜನಿಕ ನಲ್ಲಿ, ಹೀಗೆ ಬಿಲ್ಲಿಲ್ಲದೆ ನ್ಯಾಯವಾಗಿ ಹೋದದ್ದು 20 ಲಕ್ಷ. ಉಳಿದ 1 ಕೋಟಿ 40 ಲಕ್ಷ ನಷ್ಟ. ಇಷ್ಟು ಹೇಳಿದ ಕೂಡಲೇ ಸಭೆಯಲ್ಲಿ ಯಾರಾದರೂ ‘ಶೇ 35 ಸೋರಿಕೆ’ ಎಂದುಬಿಡುತ್ತಾರೆ. ಅದು ತಪ್ಪು. ನಷ್ಟದಲ್ಲಿ ಎರಡು ಜಾತಿ. ನೆಲಕ್ಕೆ ಸೋರಿಹೋದದ್ದು ಒಂದು. ಯಾರೋ ಬಳಸಿಯೂ ಲೆಕ್ಕಕ್ಕೆ ಸಿಗದೇ ಹೋದದ್ದು ಇನ್ನೊಂದು: ಕಳ್ಳ ಸಂಪರ್ಕ, ತಪ್ಪಾಗಿ ಓದಿದ ಮೀಟರ್, ಹಳತಾಗಿ ನಿಧಾನಗೊಂಡ ಮೀಟರ್. ಮನೆಗಳ ಮೀಟರ್‌ಗಳು ಸರಾಸರಿ ಶೇ 8ರಷ್ಟು ಕಡಿಮೆ ತೋರಿಸುತ್ತಿದ್ದರೆ, ಬಿಲ್ಲಿನ 2 ಕೋಟಿ 40 ಲಕ್ಷದ ಹಿಂದೆ ನಿಜಕ್ಕೂ ಸುಮಾರು 2 ಕೋಟಿ 61 ಲಕ್ಷ ಲೀಟರ್ ಬಳಕೆ ಇರುತ್ತದೆ. ಅಂದರೆ 21 ಲಕ್ಷ ಲೀಟರ್ ಯಾವ ಪೈಪಿನಿಂದಲೂ ಸೋರಿಲ್ಲ. ಅದಕ್ಕೆ ರಸ್ತೆ ಅಗೆದು ಪ್ರಯೋಜನವಿಲ್ಲ, ಮೀಟರ್ ಬದಲಿಸಬೇಕು.

ಶೇಕಡಾವಾರನ್ನು ನಂಬಬೇಡಿ ಎಂದು ಒತ್ತಿ ಹೇಳಲು ಇನ್ನೂ ಒಂದು ಕಾರಣವಿದೆ. ಬರಗಾಲದಲ್ಲಿ ಜನ ಮಿತವಾಗಿ ಬಳಸಿ ದಿನಕ್ಕೆ 60 ಲಕ್ಷ ಲೀಟರ್ ಉಳಿಸಿದರು ಎನ್ನಿ. ಈಗ ಬರುವ ನೀರು 3 ಕೋಟಿ 40 ಲಕ್ಷ, ನಷ್ಟ ಅದೇ 1 ಕೋಟಿ 40 ಲಕ್ಷ. ಶೇ 35 ಇದ್ದದ್ದು ಶೇ 41ಕ್ಕೆ ಏರಿತು! ಒಂದು ಹನಿ ಸೋರಿಕೆಯೂ ಹೆಚ್ಚಿಲ್ಲ, ಜನ ಒಳ್ಳೆಯ ಕೆಲಸ ಮಾಡಿದ್ದಕ್ಕೆ ಅಂಕಿ ಕೆಟ್ಟಿತು. ಆದ್ದರಿಂದ ಸಮಿತಿ ಕೇಳಬೇಕಾದದ್ದು ಪ್ರತಿ ಸಂಪರ್ಕಕ್ಕೆ ದಿನಕ್ಕೆ ಎಷ್ಟು ಲೀಟರ್ ನಷ್ಟ ಎಂಬ ಅಂಕಿ. ಜೊತೆಗೆ ಆ ವಲಯದ ಸರಾಸರಿ ಒತ್ತಡವೂ ಬೇಕು, ಯಾಕೆಂದರೆ ಸೋರಿಕೆ ಒತ್ತಡದ ಬೆನ್ನು ಹತ್ತಿ ಹೋಗುತ್ತದೆ. ಒತ್ತಡವನ್ನು ಶೇ 10 ಇಳಿಸಿದರೆ ಸೋರಿಕೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ.

ಈ ತಾಳೆಪಟ್ಟಿಯೆಲ್ಲ ನಿಂತಿರುವುದು ಒಂದೇ ಕಂಬದ ಮೇಲೆ, ಆ 4 ಕೋಟಿ ಲೀಟರ್ ಎಂದು ಹೇಳಿದ ದೊಡ್ಡ ಮೀಟರ್. ಅದರಲ್ಲಿ ಶೇ 5 ದೋಷವಿದ್ದರೆ ದಿನಕ್ಕೆ 20 ಲಕ್ಷ ಲೀಟರ್ ಕಾಗದದ ಮೇಲೆಯೇ ಹುಟ್ಟುತ್ತದೆ ಅಥವಾ ಸಾಯುತ್ತದೆ. ನಷ್ಟದ ಏಳನೇ ಒಂದು ಭಾಗ ಅದು. ದೋಷ ಬರಲು ಮೀಟರ್ ಕೆಡಲೇಬೇಕೆಂದಿಲ್ಲ. ಬೆಂಡ್ ಅಥವಾ ವಾಲ್ವ್‌ಗೆ ಅಂಟಿಕೊಂಡಂತೆ ಕೂರಿಸಿದರೆ ನೀರು ಸುಳಿ ತಿರುಗಿಕೊಂಡೇ ಮೀಟರಿನೊಳಗೆ ಹೋಗುತ್ತದೆ, ಓದು ದಾರಿ ತಪ್ಪುತ್ತದೆ. ಮೀಟರಿಗೆ ನೀರು ಬರುವ ಕಡೆ ಎಷ್ಟು ಉದ್ದದ ನೇರ ಪೈಪ್ ಬೇಕೆಂದು ತಯಾರಕರ ಕೈಪಿಡಿಯಲ್ಲಿರುತ್ತದೆ, ಸಾಮಾನ್ಯವಾಗಿ ಪೈಪಿನ ವ್ಯಾಸದ 5ರಿಂದ 10 ಪಟ್ಟು. ಪೈಪ್ ಪೂರ್ತಿ ತುಂಬಿ ಹರಿಯದಿದ್ದರೂ ಓದು ಸುಳ್ಳಾಗುತ್ತದೆ.

ಸರಿಯಿದೆಯೇ ಎಂದು ತಾಳೆ ನೋಡುವುದು ಕಷ್ಟವಲ್ಲ. ದೊಡ್ಡ ಮೀಟರಿನ ಹಿಂದೆ ಶುದ್ಧ ನೀರಿನ ತೊಟ್ಟಿ ಇದ್ದರೆ ಹೀಗೆ ಮಾಡಬಹುದು. ತೊಟ್ಟಿಯ ಒಳಗಿನ ಉದ್ದ ಅಗಲವನ್ನು ಟೇಪ್ ಹಿಡಿದು ಅಳೆಯಿರಿ, ನಕ್ಷೆಯಲ್ಲಿ ಬರೆದದ್ದನ್ನು ಒಪ್ಪಿಕೊಳ್ಳಬೇಡಿ. ಒಳಗೆ ಕಂಬಗಳಿದ್ದರೆ ಅವುಗಳ ಜಾಗ ಕಳೆಯಿರಿ. 10 ಮೀಟರ್ ಉದ್ದ, 10 ಮೀಟರ್ ಅಗಲವಿದ್ದರೆ ನೀರಿನ ಮಟ್ಟ 1 ಸೆಂಟಿಮೀಟರ್ ಇಳಿದಾಗ 1,000 ಲೀಟರ್ ಹೊರಗೆ ಹೋದಂತೆ. ಒಳಬರುವ ವಾಲ್ವ್ ಮುಚ್ಚಿಸಿ. ಮುಚ್ಚಿದ ವಾಲ್ವೇ ಸೋರುತ್ತಿದೆಯೇ ಎಂದು ತಿಳಿಯಲು ಹೊರಹೋಗುವ ವಾಲ್ವನ್ನೂ ಹತ್ತು ನಿಮಿಷ ಮುಚ್ಚಿ ಮಟ್ಟ ಅಲುಗುತ್ತದೆಯೇ ನೋಡಿ. ಅಲುಗದಿದ್ದರೆ ಹೊರವಾಲ್ವ್ ತೆರೆದು ಮಟ್ಟದ ಪಟ್ಟಿ ಮತ್ತು ಮೀಟರ್ ಎರಡನ್ನೂ ಒಂದೇ ಕ್ಷಣಕ್ಕೆ ಓದಿ ಬರೆದುಕೊಳ್ಳಿ. ಒಂದು ಗಂಟೆಯ ನಂತರ ಮತ್ತೆ ಓದಿ. ಮಟ್ಟ 30 ಸೆಂಟಿಮೀಟರ್ ಇಳಿದಿದ್ದರೆ 30,000 ಲೀಟರ್. ಮೀಟರ್ 28,200 ಎಂದರೆ ಅದು ಶೇ 6 ಕಡಿಮೆ ಓದುತ್ತಿದೆ. ಬೇಕಾದದ್ದು ಟೇಪು, ಗಡಿಯಾರ, ಎರಡು ಜೊತೆ ಕಣ್ಣು. ಒಬ್ಬರು ಎಂಜಿನಿಯರ್, ಒಬ್ಬರು ಸಮಿತಿಯವರು. ಇಬ್ಬರೂ ಒಂದೇ ಕಾಗದಕ್ಕೆ ರುಜು ಹಾಕಿದರೆ ಮುಂದಿನ ಒಂದು ವರ್ಷದ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಸೋರಿಕೆ ಎಂದಾಗ ಕಣ್ಣಿಗೆ ಬೀಳುವುದು ರಸ್ತೆಯಲ್ಲಿ ಚಿಮ್ಮುವ ನೀರು. ನಿಮಿಷಕ್ಕೆ 500 ಲೀಟರ್ ಚಿಮ್ಮಿದರೂ ಆರು ಗಂಟೆಯೊಳಗೆ ಯಾರೋ ಫೋನ್ ಮಾಡಿ, ಯಾರೋ ಬಂದು ನಿಲ್ಲಿಸಿರುತ್ತಾರೆ. ಹೋದದ್ದು 1 ಲಕ್ಷ 80 ಸಾವಿರ ಲೀಟರ್. ಮನೆ ಸಂಪರ್ಕದ ಜೋಡಣೆಯಲ್ಲಿ ನಿಮಿಷಕ್ಕೆ ಒಂದೂವರೆ ಲೀಟರ್ ಸದ್ದಿಲ್ಲದೆ ಸೋರಿದರೆ ಆರು ತಿಂಗಳಿಗೆ 3 ಲಕ್ಷ 88 ಸಾವಿರ ಲೀಟರ್. ಎರಡು ಪಟ್ಟಿಗೂ ಹೆಚ್ಚು. ಅಂಥವು ನೂರಾರು ಇರುತ್ತವೆ, ಒಂದೂ ಮೇಲೆ ಕಾಣಿಸುವುದಿಲ್ಲ. ಹಿಡಿಯುವ ದಾರಿ ರಾತ್ರಿಯ ಹರಿವು. 24 ಗಂಟೆ ನೀರಿರುವ ವಲಯದಲ್ಲಿ ರಾತ್ರಿ 2ರಿಂದ 4ರ ನಡುವೆ ಬಹುತೇಕ ಎಲ್ಲರೂ ಮಲಗಿರುತ್ತಾರೆ. 1,000 ಸಂಪರ್ಕಗಳ ವಲಯಕ್ಕೆ ಆ ಹೊತ್ತಿನಲ್ಲೂ ಸೆಕೆಂಡಿಗೆ 6 ಲೀಟರ್ ಹೋಗುತ್ತಿದ್ದರೆ ಗಂಟೆಗೆ 21,600 ಲೀಟರ್. ಮನೆಗೆ ಗಂಟೆಗೆ 2 ಲೀಟರ್ ನ್ಯಾಯವಾದ ಬಳಕೆ ಎಂದು ಬಿಟ್ಟರೂ 19,600 ಉಳಿಯಿತು. ದಿನದ ಸೋರಿಕೆಗೆ ಇದನ್ನು ನೇರವಾಗಿ 24ರಿಂದ ಗುಣಿಸಬಾರದು, ರಾತ್ರಿ ಒತ್ತಡ ಹೆಚ್ಚಿರುವುದರಿಂದ ಸೋರಿಕೆಯೂ ಹಗಲಿಗಿಂತ ಹೆಚ್ಚಿರುತ್ತದೆ. ಆಸ್ಪತ್ರೆ, ರಾತ್ರಿ ಪಾಳಿಯ ಕಾರ್ಖಾನೆ ಇದ್ದರೆ ಅವುಗಳ ಮೀಟರ್ ಓದಿ ಕಳೆಯಬೇಕು. ಹೊತ್ತು ಗೊತ್ತುಮಾಡಿ ನೀರು ಬಿಡುವ ಊರುಗಳಲ್ಲಿ ಈ ಉಪಾಯ ಹಾಗೇ ನಡೆಯುವುದಿಲ್ಲ, ಅಲ್ಲಿ ರಾತ್ರಿ ನೀರು ಬಿಟ್ಟರೆ ಮನೆಗಳ ಸಂಪು ತುಂಬುತ್ತಿರುತ್ತದೆ. ಎಲ್ಲ ಸಂಪುಗಳೂ ತುಂಬಿ ನಿಂತ ಒಂದು ರಾತ್ರಿಯನ್ನು ಆರಿಸಿಕೊಂಡು ಅಳೆಯಬೇಕಾಗುತ್ತದೆ.

ಅಸಾಧ್ಯದ ಕೆಲಸವಲ್ಲ ಇದು. ಕಾಂಬೋಡಿಯಾದ ನಾಮ್ ಪೆನ್ ನಗರದಲ್ಲಿ 1993ರಲ್ಲಿ ಶೇ 72ರಷ್ಟು ನೀರಿಗೆ ಹಣ ಬರುತ್ತಿರಲಿಲ್ಲ. ಅಲ್ಲಿನ ನೀರಿನ ಸಂಸ್ಥೆಯ ಮುಖ್ಯಸ್ಥ ಎಕ್ ಸೊನ್ ಚಾನ್ ಅವರ ಮುಂದಾಳತ್ವದಲ್ಲಿ ಪ್ರತಿ ಸಂಪರ್ಕಕ್ಕೂ ಮೀಟರ್ ಹಾಕಿ, ಹಳೆಯ ಪೈಪ್ ಬದಲಿಸಿ, ಕಳ್ಳ ಸಂಪರ್ಕ ತೋರಿಸಿದ ಜನರಿಗೆ ಬಹುಮಾನ ಕೊಟ್ಟು, ಹದಿನೈದು ವರ್ಷಗಳಲ್ಲಿ ಅದನ್ನು ಶೇ 6ರ ಆಸುಪಾಸಿಗೆ ಇಳಿಸಿದರು.

ಬಾಟಲಿ ಹಿಡಿಯುವ ಕೈ

ನೀರಿನ ಗುಣಮಟ್ಟದ ವಿಷಯದಲ್ಲಿ ಸಮಿತಿ ಎಡವುವುದು ಪ್ರಯೋಗಾಲಯದಲ್ಲಲ್ಲ, ನಲ್ಲಿಯ ಬುಡದಲ್ಲಿ. ಒಂದೊಂದು ಪರೀಕ್ಷೆಗೂ ನೀರು ಹಿಡಿಯುವ ಕ್ರಮ ಬೇರೆ. ಕೆಲವು ಒಂದಕ್ಕೊಂದು ಪೂರಾ ಉಲ್ಟಾ.

ಬ್ಯಾಕ್ಟೀರಿಯಾ ಪರೀಕ್ಷೆಗೆ ನೀರು ಹಿಡಿಯುವಾಗ ನಲ್ಲಿಯ ಬಾಯಿಗೆ ಸಿಕ್ಕಿಸಿದ ಜಾಲರಿ, ರಬ್ಬರ್ ಕೊಳವೆ ತೆಗೆಯಬೇಕು. ನಲ್ಲಿಯ ಬಾಯಿ ಒರೆಸಿ, ಎರಡು ಮೂರು ನಿಮಿಷ ನೀರು ಹರಿಯಲು ಬಿಡಬೇಕು. ಪ್ರಯೋಗಾಲಯ ಕೊಟ್ಟ ಕ್ರಿಮಿಶುದ್ಧ ಬಾಟಲಿಯಲ್ಲಿ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಇರುತ್ತದೆ, ನೀರಿನಲ್ಲಿರುವ ಕ್ಲೋರಿನ್ ದಾರಿಯಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲದಿರಲಿ ಎಂದು. ಅದನ್ನು ಕೊಳೆ ಎಂದುಕೊಂಡು ತೊಳೆದು ಚೆಲ್ಲುವವರಿದ್ದಾರೆ. ಹಾಗೆ ತೊಳೆದ ಬಾಟಲಿಯ ಫಲಿತಾಂಶ ಶುದ್ಧ ಎಂದೇ ಬರಬಹುದು, ಆದರೆ ಅದಕ್ಕೆ ಅರ್ಥವಿಲ್ಲ. ಮುಚ್ಚಳದ ಒಳಭಾಗ ಮುಟ್ಟಬಾರದು. ಕುಲುಕಲು ಜಾಗವಿರುವಂತೆ ಬಾಯಿಯ ಕೆಳಗೆ ಸ್ವಲ್ಪ ಖಾಲಿ ಬಿಡಬೇಕು. ಐಸ್ ಪೆಟ್ಟಿಗೆಯಲ್ಲಿಟ್ಟು, ಆದರೆ ಹೆಪ್ಪುಗಟ್ಟದಂತೆ, ಆದಷ್ಟು ಬೇಗ, ಯಾವ ಕಾರಣಕ್ಕೂ 24 ಗಂಟೆ ಮೀರದಂತೆ ತಲುಪಿಸಬೇಕು. ನೀರಿಗೆ ಮಲದ ಕೊಳಕು ಸೇರಿದೆಯೆಂದು ತೋರಿಸುವ ಬ್ಯಾಕ್ಟೀರಿಯಾ ಇ. ಕೊಲೈ, 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ‘ಸ್ವಲ್ಪ ಇದೆ, ಪರವಾಗಿಲ್ಲ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಸೀಸದ ಪರೀಕ್ಷೆಗೆ ಈ ಶಿಸ್ತನ್ನೆಲ್ಲ ತಿರುವಿಹಾಕಬೇಕು. ಕನಿಷ್ಠ ಆರು ಗಂಟೆ ಮನೆಯಲ್ಲಿ ಯಾರೂ ನೀರು ಬಳಸದೆ ನಿಂತ ಮೇಲೆ, ಬೆಳಗಿನ ಮೊದಲ ಒಂದು ಲೀಟರನ್ನೇ ಹಿಡಿಯಬೇಕು. ಜಾಲರಿ ತೆಗೆಯಬಾರದು, ಹಿಂದಿನ ರಾತ್ರಿ ನಲ್ಲಿ ಬಿಟ್ಟು ಪೈಪ್ ತೊಳೆಯಬಾರದು, ಅಗಲ ಬಾಯಿಯ ಬಾಟಲಿಗೆ ನೀರನ್ನು ಜೋರಾಗಿಯೇ ಬಿಡಬೇಕು. ಕಿರಿದಾದ ಬಾಯಿಯ ಬಾಟಲಿ ಕೊಟ್ಟರೆ ಜನ ನಿಧಾನ ಹಿಡಿಯುತ್ತಾರೆ, ಆಗ ಪೈಪಿನಿಂದ ಕಿತ್ತುಬರುವ ಸೀಸದ ಕಣಗಳು ಬರುವುದೇ ಇಲ್ಲ. ಫ್ಲಿಂಟ್‌ನಲ್ಲಿ ಹಿಂದಿನ ರಾತ್ರಿ ಪೈಪ್ ತೊಳೆಯಿರಿ ಎಂದು ನಿವಾಸಿಗಳಿಗೆ ಕೊಟ್ಟ ಸೂಚನೆ ದೊಡ್ಡ ವಿವಾದವಾಯಿತು. 2016ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇಂಥ ಸೂಚನೆಗಳನ್ನು ಕೊಡಬೇಡಿ ಎಂದು ಲಿಖಿತವಾಗಿ ತಿಳಿಸಿತು.

ಉಳಿಕೆ ಕ್ಲೋರಿನ್, ಅಂದರೆ ಕ್ರಿಮಿ ಕೊಲ್ಲಲು ಹಾಕಿದ್ದರಲ್ಲಿ ನಲ್ಲಿಯವರೆಗೂ ಉಳಿದು ಬಂದದ್ದು, ಅದರ ಪರೀಕ್ಷೆಯನ್ನು ಸಮಿತಿ ತಾನೇ ಮಾಡಬಹುದು, ಮಾಡಲೇಬೇಕು. 10 ಮಿಲಿಲೀಟರ್ ನೀರಿಗೆ ಡಿಪಿಡಿ ಎಂಬ ಪರೀಕ್ಷಾ ಮಾತ್ರೆಯೊಂದನ್ನು ಹಾಕಿ ಕರಗಿಸಿದರೆ, ಕ್ಲೋರಿನ್ ಇದ್ದಲ್ಲಿ ಗುಲಾಬಿ ಬಣ್ಣ ಬರುತ್ತದೆ, ಒಂದು ನಿಮಿಷದೊಳಗೆ ಬಣ್ಣದ ತಟ್ಟೆಯ ಜೊತೆ ಹೋಲಿಸಿ ಓದಬೇಕು. ಬಳಕೆದಾರರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಮಾತ್ರೆಯನ್ನು ಬೆರಳಿನಿಂದ ಮುಟ್ಟಬೇಡಿ, ಕೊಳವೆಗೆ ಸೋಪು ತಾಗಿಸಬೇಡಿ, ನೀರನ್ನು ಮನೆಗೆ ಒಯ್ದು ಆಮೇಲೆ ನೋಡೋಣ ಎನ್ನಬೇಡಿ, ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ. ಒಂದು ಎಚ್ಚರಿಕೆ ಬಹಳ ಮುಖ್ಯ. ಕ್ಲೋರಿನ್ ವಿಪರೀತ ಹೆಚ್ಚಿದ್ದರೆ ಅದೇ ಬಣ್ಣವನ್ನು ತಿಂದುಹಾಕಿ ಕೊಳವೆ ಬೆಳ್ಳಗೆ ಕಾಣುತ್ತದೆ. ಮಾತ್ರೆ ಹಾಕಿದ ಕ್ಷಣ ಗುಲಾಬಿ ಮಿಂಚಿ ಮಾಯವಾದರೆ ಅದು ಸೊನ್ನೆಯಲ್ಲ. ಕ್ಲೋರಿನ್ ಇಲ್ಲದ ನೀರು ಬೆರೆಸಿ ತೆಳುವಾಗಿಸಿ ಮತ್ತೆ ಪರೀಕ್ಷಿಸಬೇಕು.

ವರದಿ ಓದುವಾಗ ಸರಾಸರಿಯನ್ನು ಬದಿಗಿಡಿ. ನಗರದ ಸರಾಸರಿ ಕ್ಲೋರಿನ್ 0.4 ಎಂದಿದ್ದರೂ ಪೈಪಿನ ಕೊನೆಯ ಬೀದಿಗಳಲ್ಲಿ ಸೊನ್ನೆ ಇರಬಹುದು. ಕೇಳಬೇಕಾದದ್ದು ಅತಿ ಕಡಿಮೆ ಓದು ಯಾವುದು, 0.2ಕ್ಕಿಂತ ಕೆಳಗಿನವು ಎಷ್ಟು, ಅವು ಎಲ್ಲಿಯವು, ಯಾವ ಹೊತ್ತಿನವು. ಅಳತೆಯ ಹೆಸರನ್ನೂ ಪ್ರತಿ ಅಂಕಿಯ ಪಕ್ಕ ನೋಡಿ. ನೈಟ್ರೇಟ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 50 ಮಿಲಿಗ್ರಾಂ. ಅದನ್ನೇ ಸಾರಜನಕದ ಲೆಕ್ಕದಲ್ಲಿ ಬರೆದರೆ 11. ಒಂದು ವರದಿಯಲ್ಲಿ ‘ನೈಟ್ರೇಟ್ 14’ ಎಂದಷ್ಟೇ ಇದ್ದರೆ ಅದು ನಿಶ್ಚಿಂತೆಯೂ ಆಗಬಹುದು, ಎಳೆಗೂಸಿಗೆ ಅಪಾಯವೂ ಆಗಬಹುದು.

ನೀರನ್ನು ಬಿಟ್ಟು ಬಿಟ್ಟು ಕೊಡುವ ನಗರಗಳಲ್ಲಿ ಇನ್ನೊಂದು ಮಾದರಿ ಬೇಕೇಬೇಕು: ನೀರು ಬಂದ ಮೊದಲ ಹತ್ತು ನಿಮಿಷದ್ದು. ಸರಬರಾಜು ನಿಂತಾಗ ಪೈಪಿನಲ್ಲಿ ಒತ್ತಡ ಹೋಗಿ, ಎಲ್ಲಿ ಸೋರುತ್ತಿತ್ತೋ ಅದೇ ಬಿರುಕಿನಿಂದ ಹೊರಗಿನ ಕೊಳಕು ಒಳಕ್ಕೆ ಎಳೆಯಲ್ಪಡುತ್ತದೆ. ಪಕ್ಕದಲ್ಲೇ ಒಳಚರಂಡಿ ಇದ್ದರೆ ಹೇಳುವುದೇ ಬೇಡ. ಮಾದರಿ ತೆಗೆಯುವವರು ಹತ್ತು ಗಂಟೆಗೆ ಬಂದು ಆರಾಮವಾಗಿ ಹಿಡಿದರೆ ಆ ಕೊಳಕು ಆಗಲೇ ಯಾರದೋ ಕೊಡ ಸೇರಿರುತ್ತದೆ.

ಯಾರು, ಎಷ್ಟು ಜನ, ಎಲ್ಲಿಂದ

ನೀರಿಗೆ ಚುನಾವಣೆಯ ಗಡಿ ಗೊತ್ತಿಲ್ಲ. ಒಂದೇ ವಾರ್ಡಿನ ಅರ್ಧಕ್ಕೆ ಒಂದು ಟ್ಯಾಂಕಿನಿಂದ, ಇನ್ನರ್ಧಕ್ಕೆ ಮತ್ತೊಂದರಿಂದ ನೀರು ಬರುವುದು ಸಾಮಾನ್ಯ. ಆದ್ದರಿಂದ ಸದಸ್ಯರನ್ನು ವಾರ್ಡ್‌ವಾರು ತೆಗೆದುಕೊಳ್ಳುವುದಕ್ಕಿಂತ ಟ್ಯಾಂಕ್ ವಲಯವಾರು ತೆಗೆದುಕೊಳ್ಳಿ. ಪ್ರತಿ ವಲಯದಲ್ಲೂ ಪೈಪಿನ ಕೊನೆಯ ತುದಿಯ ಮನೆ, ಎತ್ತರದ ಮನೆ, ಇವುಗಳಿಗೆ ಸ್ಥಾನ ಖಾತ್ರಿಯಿರಲಿ. ಟ್ಯಾಂಕಿನ ಬುಡದಲ್ಲಿ ವಾಸಿಸುವವರಿಗೆ ನೀರಿನ ಕಷ್ಟದ ಅರಿವು ಕಡಿಮೆ, ಅವರ ತಪ್ಪೇನಿಲ್ಲ. ಹತ್ತು ಮೀಟರ್ ಎತ್ತರ ಏರಿದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಕಳೆಯುತ್ತದೆ, ಕೆಳಗಿನ ಬೀದಿಯ ಧಾರೆ ಮೇಲಿನ ಬೀದಿಯಲ್ಲಿ ತೊಟ್ಟಿಕ್ಕುತ್ತದೆ. ಬಕೆಟ್ ಮತ್ತು ಗಡಿಯಾರ ಹಿಡಿದು ಇದನ್ನು ಅಳೆಯಬಹುದು: 20 ಲೀಟರ್ ತುಂಬಲು 100 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 12 ಲೀಟರ್. ಒಂದೇ ದಿನ, ಒಂದೇ ಹೊತ್ತು, ವಲಯದ ಹತ್ತು ಮನೆಗಳಲ್ಲಿ ಅಳೆದು ನಕ್ಷೆಯ ಮೇಲೆ ಬರೆದರೆ ಹಂಚಿಕೆಯ ತಾರತಮ್ಯ ತಾನಾಗಿ ಕಾಣುತ್ತದೆ.

11ರಿಂದ 15 ಸದಸ್ಯರು ಸಾಕು. ಅದಕ್ಕಿಂತ ಹೆಚ್ಚಾದರೆ ಪ್ರತಿಯೊಬ್ಬರೂ ಒಂದೊಂದು ಮಾತಾಡುವಷ್ಟರಲ್ಲಿ ಸಭೆ ಮುಗಿಯುತ್ತದೆ. ಅರ್ಧ ಸ್ಥಾನಗಳಿಗೆ ಆಸಕ್ತರಿಂದ ಅರ್ಜಿ ಕರೆದು ಎಲ್ಲರೆದುರು ಚೀಟಿ ಎತ್ತುವುದು ನಮಗೆ ಸರಿ ಕಾಣುತ್ತದೆ. ಉಳಿದವಕ್ಕೆ ಬಾಡಿಗೆದಾರರು, ಮೀಟರೇ ಇಲ್ಲದ ಬಡ ಬಡಾವಣೆಯವರು, ಆರೋಗ್ಯ ಕಾರ್ಯಕರ್ತರು, ರಸಾಯನಶಾಸ್ತ್ರ ಬಲ್ಲ ಶಿಕ್ಷಕರು. ಮನೆಯಲ್ಲಿ ನೀರು ಹಿಡಿಯುವವರು, ಎಷ್ಟು ಹೊತ್ತಿಗೆ ಎಷ್ಟು ಬರುತ್ತದೆಂದು ನಿಜಕ್ಕೂ ಬಲ್ಲವರು ಬಹುಪಾಲು ಹೆಂಗಸರು, ಅರ್ಧಕ್ಕಿಂತ ಕಡಿಮೆ ಅವರಿದ್ದರೆ ಸಮಿತಿಗೆ ಕಣ್ಣೇ ಇಲ್ಲದಂತೆ. ಎಂಜಿನಿಯರ್‌ಗಳು ಪ್ರತಿ ಸಭೆಗೂ ಬರಬೇಕು, ಮತ ಬೇಡ. ಟ್ಯಾಂಕರ್ ನೀರು ಮಾರುವವರು, ಪೈಪ್ ಗುತ್ತಿಗೆದಾರರು, ಬಡಾವಣೆ ಕಟ್ಟುವವರು ಸದಸ್ಯರಾಗಬಾರದು. ಅವರ ಅಭಿಪ್ರಾಯ ಬೇಕಿದ್ದರೆ ಕರೆಸಿ ಕೇಳಬಹುದು. ಅವಧಿ ಮೂರು ವರ್ಷ ಇದ್ದು ಪ್ರತಿ ವರ್ಷ ಮೂರನೇ ಒಂದು ಭಾಗ ಬದಲಾಗಲಿ. ಎಲ್ಲರೂ ಒಟ್ಟಿಗೆ ಹೋದರೆ ಕಲಿತದ್ದೆಲ್ಲ ಒಟ್ಟಿಗೆ ಹೋಗುತ್ತದೆ.

ಸಮಿತಿ ಕೈ ಹಾಕಬಾರದ ಕೆಲಸಗಳನ್ನೂ ಬರೆದಿಡಬೇಕು. ಮುಖ್ಯವಾಗಿ ವಾಲ್ವ್ ಕೀಲಿ. ಒಳ್ಳೆಯ ಮನಸ್ಸಿನಿಂದಲೇ ಯಾರೋ ಸದಸ್ಯರು ತಮ್ಮ ಬೀದಿಗೆ ವಾಲ್ವ್ ತಿರುಗಿಸಲು ಹೋದರೆ ಇನ್ನೊಂದು ಬೀದಿ ಒಣಗುತ್ತದೆ. ದೊಡ್ಡ ಪೈಪಿನ ವಾಲ್ವನ್ನು ಸರಕ್ಕನೆ ಮುಚ್ಚಿದರೆ ಹರಿಯುವ ನೀರು ಗುದ್ದಿದಂತಾಗಿ ಬೇರೆಲ್ಲೋ ಪೈಪ್ ಸಿಡಿಯುತ್ತದೆ. ಟೆಂಡರ್ ಯಾರಿಗೆ ಎಂಬುದೂ ಸಮಿತಿಯ ಕೆಲಸವಲ್ಲ. ಕೆಲಸ ಮುಗಿದ ಮೇಲೆ ಅಳತೆ ಪುಸ್ತಕ ನೋಡುವುದು, ಒತ್ತಡ ಪರೀಕ್ಷೆ ನಡೆದಾಗ ಪಕ್ಕದಲ್ಲಿ ನಿಲ್ಲುವುದು ಅದರ ಕೆಲಸ.

ಸಮಿತಿಗಳನ್ನು ಕೊಲ್ಲುವುದು ಜಗಳವಲ್ಲ, ‘ಪರಿಶೀಲಿಸಲಾಗುವುದು’ ಎಂಬ ಉತ್ತರ. ಹೀಗಾಗಿ ಠರಾವಿನಲ್ಲಿ ಒಂದು ಕಲಮು ಖಚಿತವಾಗಿರಬೇಕು: ಸಮಿತಿಯ ಪ್ರತಿ ಶಿಫಾರಸಿಗೆ 30 ದಿನದೊಳಗೆ ಲಿಖಿತ ಉತ್ತರ ಬರಬೇಕು. ಒಪ್ಪಿದೆ, ಭಾಗಶಃ ಒಪ್ಪಿದೆ, ಒಪ್ಪಿಲ್ಲ, ಈ ಮೂರರಲ್ಲೊಂದು. ಒಪ್ಪದಿದ್ದರೆ ಕಾರಣ. ಒಪ್ಪಿದರೆ ಯಾವ ಹುದ್ದೆಯವರು ಯಾವ ತಾರೀಖಿನೊಳಗೆ ಮಾಡುತ್ತಾರೆ. ಉತ್ತರ ಬಾರದಿದ್ದರೆ ಆ ವಿಷಯ ತಾನಾಗಿ ನಗರಸಭೆಯ ಮುಂದಿನ ಕಾರ್ಯಸೂಚಿಗೆ ಸೇರಬೇಕು. ನಡವಳಿ ಬರೆಯುವ ರೀತಿಯೂ ಇದಕ್ಕೆ ಹೊಂದಬೇಕು. ‘ಸೋರಿಕೆ ಕುರಿತು ಚರ್ಚಿಸಿ ಸೂಕ್ತ ಕ್ರಮಕ್ಕೆ ಸೂಚಿಸಲಾಯಿತು’ ಎಂದು ಬರೆದರೆ ಮುಂದಿನ ಸಭೆಯಲ್ಲಿ ಯಾರನ್ನು ಏನು ಕೇಳುವುದು? ಹೀಗೆ ಬರೆಯಿರಿ: ‘3ನೇ ಟ್ಯಾಂಕ್ ವಲಯ. ರಾತ್ರಿ 2ರಿಂದ 4ರ ಹರಿವು ಸೆಕೆಂಡಿಗೆ 6 ಲೀಟರ್. ಸಹಾಯಕ ಎಂಜಿನಿಯರ್ 15ನೇ ತಾರೀಖಿನೊಳಗೆ ರಾತ್ರಿ ಹೊತ್ತು ಒಂದೊಂದೇ ಬೀದಿಯ ವಾಲ್ವ್ ಮುಚ್ಚುತ್ತ ಹೋಗಿ, ಯಾವ ಬೀದಿಗೆ ಹರಿವು ಎಷ್ಟು ಇಳಿಯಿತೆಂದು ಪಟ್ಟಿ ಕೊಡುವುದು.’ ಅನುಪಾಲನಾ ವರದಿ ಬಂದಾಗ ಹೌದು ಅಥವಾ ಇಲ್ಲ ಎಂದು ಹೇಳಲು ಬರಬೇಕು.

ಹಣವಿಲ್ಲದ ಸಮಿತಿ ಎರಡನೇ ವರ್ಷ ದಾಟುವುದು ಅಪರೂಪ. ದೊಡ್ಡ ಮೊತ್ತ ಬೇಕಿಲ್ಲ. ಕ್ಲೋರಿನ್ ಕಿಟ್, ನಲ್ಲಿಗೆ ತಿರುಗಿಸಿ ಕೂರಿಸುವ ಪ್ರೆಶರ್ ಗೇಜ್, ಇಲಾಖೆಯದಲ್ಲದ ಪ್ರಯೋಗಾಲಯದಲ್ಲಿ ಕೆಲವು ಪರೀಕ್ಷೆಗಳು, ಸದಸ್ಯರ ಓಡಾಟದ ಖರ್ಚು, ವಾರಕ್ಕೆರಡು ದಿನ ಕಾಗದಪತ್ರ ನೋಡುವ ಒಬ್ಬ ಗುಮಾಸ್ತರು. ದಿನಗೂಲಿ ಬಿಟ್ಟು ಸಭೆಗೆ ಬರುವವರಿಗೆ ಭತ್ಯೆ ಕೊಡಿ. ಕೊಡದಿದ್ದರೆ ಆರು ತಿಂಗಳಲ್ಲಿ ನಿವೃತ್ತರು ಮತ್ತು ಅನುಕೂಲಸ್ಥರಷ್ಟೇ ಉಳಿಯುತ್ತಾರೆ.

ದರದ ವಿಷಯ ಸಮಿತಿಗೆ ಬರುವುದು ಆಯವ್ಯಯಕ್ಕೆ ಕನಿಷ್ಠ ಮೂರು ತಿಂಗಳ ಮೊದಲು. ಬಳಕೆ ಹೆಚ್ಚಿದಂತೆ ದರ ಏರುವ ಪದ್ಧತಿ ನ್ಯಾಯವೆಂದೇ ತೋರುತ್ತದೆ, ಆದರೆ ಒಂದೇ ಮೀಟರಿನಿಂದ ನಾಲ್ಕು ಸಂಸಾರ ಕುಡಿಯುವ ವಠಾರಕ್ಕೆ ಅದು ಅತಿ ಹೆಚ್ಚಿನ ದರವನ್ನು ಹೊರಿಸುತ್ತದೆ. ಈ ಮಾತನ್ನು ಯಾರಾದರೂ ದರಪಟ್ಟಿ ಅಚ್ಚಾಗುವ ಮೊದಲು ಹೇಳಬೇಕು.

ಬರದ ಯೋಜನೆಯನ್ನೂ ಟ್ಯಾಂಕ್ ತುಂಬಿರುವಾಗಲೇ ಓದಿಡಬೇಕು. ಕೇಪ್‌ಟೌನ್ ನಗರ 2018ರ ಫೆಬ್ರವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂಬ ಮಿತಿ ಹಾಕಿತು. ಅಣೆಕಟ್ಟೆಗಳ ಮಟ್ಟ, ನಗರದ ಬಳಕೆ ಎರಡನ್ನೂ ಅದು ಜನರಿಗೆ ಕಾಣುವಂತೆ ನಿಯಮಿತವಾಗಿ ಪ್ರಕಟಿಸುತ್ತಿತ್ತು. ಯಾವ ಮಟ್ಟಕ್ಕೆ ಇಳಿದರೆ ಯಾವ ಮಿತಿ ಜಾರಿಗೆ ಬರುತ್ತದೆ, ಆಸ್ಪತ್ರೆಗೆ ಎಷ್ಟು, ಟ್ಯಾಂಕರ್ ಯಾವ ಬೀದಿಗೆ ಮೊದಲು ಎಂಬುದನ್ನು ಸಮಿತಿ ಮೊದಲೇ ಕೇಳಿ ಬರೆಸಿಕೊಂಡಿರಬೇಕು.

ಮೊದಲ ಸಭೆಗೆ ಇದ್ಯಾವುದೂ ಬೇಡ. ಸಭಾಂಗಣದಲ್ಲಿ ಕೂರುವ ಬದಲು ನೀರೆತ್ತುವ ಜಾಗಕ್ಕೆ ಹೋಗಿ, ಅಲ್ಲಿಂದ ಶುದ್ಧೀಕರಣ ಘಟಕ, ಅಲ್ಲಿಂದ ದೊಡ್ಡ ಮೀಟರ್, ಅಲ್ಲಿಂದ ಒಂದು ಟ್ಯಾಂಕ್, ಅಲ್ಲಿಂದ ಆ ಟ್ಯಾಂಕಿನ ಕೊನೆಯ ಮನೆ. ಸರಬರಾಜಿನ ಹೊತ್ತಿಗೇ ಹೊರಡಿ. ಟೇಪು, ಗಡಿಯಾರ, ಬಕೆಟ್, ಕ್ಲೋರಿನ್ ಕಿಟ್ ಜೊತೆಗಿರಲಿ. ದೊಡ್ಡ ಮೀಟರಿನ ಹತ್ತಿರ ನಿಂತು ಓದು, ತಾರೀಖು, ಗಂಟೆ, ನಿಮಿಷ ಬರೆದುಕೊಳ್ಳಿ, ಎಂಜಿನಿಯರ್ ಅವರಿಂದ ರುಜು ಹಾಕಿಸಿ. ಮೀಟರ್ ಕೆಟ್ಟು ನಿಂತಿದ್ದರೆ ಅದನ್ನೇ ಬರೆದುಕೊಳ್ಳಿ. ನಡವಳಿ ಪುಸ್ತಕದ ಮೊದಲ ಸಾಲು ಅದಾಗಲಿ.